ಬಿಸಿಲಿಗೆ ಬಗ್ಗದ ಕ್ಯಾಲ್ಕುಲೇಟರ್

ವಾಡಿಯ ಹತ್ತಿರದ ಸುಣ್ಣದಕಲ್ಲಿನ ಗಣಿಯಲ್ಲಿ ನನ್ನದು ಸರ್ವೆ ಕೆಲಸ. ಗ್ರಾಫ್ ಬಿಡಿಸುವ ನನ್ನ ಹಳೆಯ ಕ್ಯಾಲ್ಕುಲೇಟರ್ ಕಂಡು, ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗಿ ನಕ್ಕಳು: "ಇದೆಲ್ಲಾ ಫೋನಿನಾಗೇ ಬರ್ತದಲ್ರೀ ಸರ್." ನಿಜ, ಬಣ್ಣಬಣ್ಣದಲ್ಲೇ ಬರುತ್ತದೆ. ಸಿಟ್ಟಿನಲ್ಲಿ ಅದನ್ನು ಚೀಲಕ್ಕೆ ತುರುಕಿದೆ.

ಮೇ ತಿಂಗಳ ಮಧ್ಯಾಹ್ನ. ಮಳೆನೀರು ಎತ್ತ ಹರಿದೀತೆಂದು ತಿಳಿಯಲು ಗಣಿಯ ತಳದ ಇಳಿಜಾರು ಅಳೆಯುತ್ತಿದ್ದೆವು. ಕಾದುಹೋದ ಅವಳ ಫೋನ್ ತಾನೇ ಆಫ್ ಆಯಿತು. ಜ್ವರ ಬಂದ ಕೂಸಿನಂತೆ ಅದನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ನೀರಿನ ಕೊಡದ ನೆರಳಲ್ಲಿ ಮಲಗಿಸಿದಳು. ನನ್ನ ಕ್ಯಾಲ್ಕುಲೇಟರಿನ ಬೂದು ಪರದೆಯ ಮೇಲೆ ಇಳಿಜಾರಿನ ಗೆರೆ ನೆಟ್ಟಗೆ ಮೂಡಿತು. ಒಳಬೆಳಕಿಲ್ಲದ ಪರದೆ ಅದು; ಬಿಸಿಲು ಏರಿದಷ್ಟೂ ಚೆನ್ನಾಗಿ ಕಾಣುತ್ತದೆ.

"ಭಾಳ ಗಟ್ಟಿ ಅದ ಬಿಡ್ರಿ ಇದು" ಎಂದಳು.

ಸಂಜೆಗೆ ಫೋನ್ ಚೇತರಿಸಿಕೊಂಡಿತು. ಅದರಲ್ಲಿ ಅವಳು ಮೊದಲು ಹುಡುಕಿದ್ದು, ಇಂಥ ಕ್ಯಾಲ್ಕುಲೇಟರ್ ಎಲ್ಲಿ ಸಿಗುತ್ತದೆ ಎಂದು.