ನಲವತ್ತನೆಯವನು

ಮಸ್ಕತ್ತಿನ ಮತ್ರಾ ಬಂದರಿನಲ್ಲಿ ನನ್ನ ಕೆಲಸ ಎಣಿಸುವುದು. ಹಡಗಿನಿಂದ ಇಳಿಯುವ ಅಕ್ಕಿ, ಸಕ್ಕರೆ, ಸಿಮೆಂಟಿನ ಚೀಲಗಳಿಗೆ ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುವುದು. ಸಂಜೆ ಕೋಣೆಗೆ ಬಂದ ಮೇಲೂ ಅದೇ ಚಾಳಿ. ಡೈರಿಯಲ್ಲಿ ತಾರೀಕು, ಗಾಳಿ, ಊಟ, ಊರಿನ ಕಾಗದ ಬಂತೋ ಇಲ್ಲವೋ ಎಂದು ಬರೆಯುತ್ತಿದ್ದೆ. ಕೊನೆಯಲ್ಲಿ, ಕೆಲಸದ ವಿಷಯ ಬಿಟ್ಟು ಆ ದಿನ ಎಷ್ಟು ಮಂದಿಯ ಹತ್ತಿರ ಮಾತಾಡಿದೆ ಎಂಬ ಲೆಕ್ಕ. ಹೆಚ್ಚಿನ ದಿನ ಅದು ಸೊನ್ನೆ. ಎಂಟು ಜನರ ಕೋಣೆಯಲ್ಲಿ ಸೊನ್ನೆ ಹೇಗೆ ಎಂದು ಯಾರಾದರೂ ಕೇಳಬಹುದು. ನಾಲ್ವರು ಹಗಲು ಪಾಳಿ, ನಾಲ್ವರು ರಾತ್ರಿ ಪಾಳಿ. ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗುತ್ತಿದ್ದ. ನಮ್ಮಲ್ಲಿ ಅರ್ಧ ಜನರನ್ನು ನಾನು ನಿದ್ದೆಯಲ್ಲಿ ಮಾತ್ರ ನೋಡಿದ್ದೇನೆ.

೧೯೮೭ರ ಅಕ್ಟೋಬರಿನಲ್ಲಿ ನನ್ನ ಕಫೀಲ್, ಅಂದರೆ ನನ್ನ ವೀಸಾದ ಒಡೆಯನಾದ ಶಿಪ್ಪಿಂಗ್ ಏಜೆನ್ಸಿಯ ಯಜಮಾನ, ನನ್ನನ್ನು ಕರೆಸಿದ. ಅವನ ಹಳೆಯ ಸ್ನೇಹಿತ, ಬಂದರಿನಲ್ಲಿ ಸರ್ವೇಯರ್ ಆಗಿ ನಿವೃತ್ತರಾದ ಇಂಗ್ಲಿಷ್ ಸಾಹೇಬರೊಬ್ಬರು ಅಲ್ಲಿ ಕುಳಿತಿದ್ದರು. ಅವರದೊಂದು ಹಾಯಿದೋಣಿ ಇತ್ತು. ಚಳಿಗಾಲವೆಲ್ಲ ದಕ್ಷಿಣದ ದ್ವೀಪಗಳಲ್ಲಿ ಕಳೆದು, ಕಡಲ ಹಕ್ಕಿಗಳನ್ನು ನೋಡಿ ಬರೆಯಲು ಸರ್ಕಾರದಿಂದ ಅನುಮತಿ ಪಡೆದಿದ್ದರು. ಮಾರ್ಚ್ ಕೊನೆಗೆ ಸಲಾಲಾ ಬಂದರಿನಲ್ಲಿ ದೋಣಿಯನ್ನು ಮೇಲೆತ್ತಿಸಿ ಬಸ್ಸಿನಲ್ಲಿ ವಾಪಸು. ಜೊತೆಗೊಬ್ಬ ಆಳು ಬೇಕಿತ್ತು. ನನ್ನ ಬಾಪ ನೇತ್ರಾವತಿಯಲ್ಲಿ ಹೆಂಚು ಸಾಗಿಸುವ ದೋಣಿ ನಡೆಸಿದವರು. ಕೆಲಸದ ಅರ್ಜಿಯಲ್ಲಿ ತುಂಬಿಸಲು ಬೇರೇನೂ ಇಲ್ಲದೆ ‘ದೋಣಿ ನಡೆಸಲು ಬರುತ್ತದೆ’ ಎಂದು ಬರೆದಿದ್ದೆ. ಅದನ್ನು ಯಾರೋ ಓದಿದ್ದರು.

ನಮ್ಮ ಕೋಣೆಯಲ್ಲಿ ಹಿರಿಯರಾದ, ಮತ್ರಾದ ಸೂಕ್ ಎಂಬ ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದ ಕಾಕನಿಗೆ ನಗು ತಡೆಯಲಾಗಲಿಲ್ಲ.

“ಗಲ್ಫಿಗೆ ಬಂದು ದೋಣಿ ಹತ್ತುವುದಾ? ದೋಣಿ ಉಳ್ಳಾಲದಲ್ಲೇ ಇತ್ತಲ್ಲ ಮಾರಾಯ. ಅದಕ್ಕೆ ವೀಸಾ ಎಂತಕ್ಕೆ?”

“ಸಂಬಳ ಈಗಿನಷ್ಟೇ ಉಂಟು ಕಾಕ. ಊಟ ಸಾಹೇಬರದ್ದು.”

“ಊಟ ಸಾಹೇಬರದ್ದಾ? ಹಾಗಾದ್ರೆ ಉಪ್ಪಿನಕಾಯಿ ಹಿಡ್ಕೊಂಡು ಹೋಗು.”

ಎರಡು ಬಾಟಲಿ ಹಿಡಿದುಕೊಂಡು ಹೋದೆ.

ಸಾಹೇಬರು ಒಳ್ಳೆಯವರು, ಆದರೆ ಮಾತು ಕಡಿಮೆ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬ ಚುಕ್ಕಾಣಿ ಹಿಡಿದರೆ ಇನ್ನೊಬ್ಬ ಮಲಗಬೇಕು. ಹಾಗಾಗಿ ಪಾಳಿ ಬದಲಾಗುವಾಗ “ಗಾಳಿ ತಿರುಗಿದೆ”, “ಚಹಾ ಫ್ಲಾಸ್ಕಿನಲ್ಲಿದೆ” ಎಂಬ ಎರಡು ವಾಕ್ಯದಲ್ಲಿ ನಮ್ಮ ದಿನ ಮುಗಿಯುತ್ತಿತ್ತು. ಮಸೀರಾ ದ್ವೀಪದಲ್ಲಿ ಒಂದು ವಾರ ನಿಂತೆವು. ಅಲ್ಲಿನ ಬೆಸ್ತರು ಖರ್ಜೂರ ಮತ್ತು ಕಾವಾ, ಅಂದರೆ ಅರಬಿ ಕಾಫಿ, ಕೊಟ್ಟರು. ನಾನು ಅವರ ಹರಿದ ಬಲೆಗೆ ನಾಲ್ಕು ಹೊಲಿಗೆ ಹಾಕಿದೆ. ಎದ್ದು ಹೊರಟಾಗ ಅವರಿಗಾಗಲಿ ನಮಗಾಗಲಿ ಬೇಸರವಾಗಲಿಲ್ಲ. ದಾರಿಯುದ್ದಕ್ಕೂ ಹೀಗೆಯೇ. ನಿಲ್ಲುವುದು, ಪರಿಚಯವಾಗುವುದು, ಕೈ ಬೀಸುವುದು. ಡೈರಿಯ ಕೊನೆಯ ಅಂಕಣ ಒಮ್ಮೊಮ್ಮೆ ಆರು, ಏಳು ಆಗುತ್ತಿತ್ತು. ಹಾಯಿ ಏರಿಸಿದ ದಿನ ಮತ್ತೆ ಸೊನ್ನೆ.

ಡಿಸೆಂಬರಿನಲ್ಲಿ ಧೋಫಾರ್ ಕರಾವಳಿಯ ಆಚೆಗಿನ ಒಂದು ದ್ವೀಪಕ್ಕೆ ಬಂದೆವು. ಅದರ ಹೆಸರು ಬರೆಯುವುದಿಲ್ಲ. ಇರುವುದೇ ಬೆರಳೆಣಿಕೆಯ ಮನೆ; ಯಾರು ಯಾರು ಎಂದು ತಿಳಿದುಬಿಡುತ್ತದೆ. ಬೋಳು ಗುಡ್ಡ, ಉಪ್ಪು ಸೇರಿದ ಬಾವಿ, ಹುಲ್ಲಿಲ್ಲದ್ದಕ್ಕೆ ಒಣ ಬೂತಾಯಿ ಮೀನು ತಿಂದು ಬದುಕುವ ಆಡುಗಳು. ಮೇ ತಿಂಗಳಿನಿಂದ ನಾಲ್ಕು ತಿಂಗಳು ಕಡಲು ಕೆರಳುವುದರಿಂದ ಯಾವ ದೋಣಿಯೂ ಅತ್ತ ಹೋಗುವುದಿಲ್ಲ. ತಮ್ಮತಮ್ಮಲ್ಲಿ ಅವರು ಆಡುವ ಭಾಷೆ ಅರಬಿಯೂ ಅಲ್ಲ. ಕುಳಿತರೆ ಅವರ ಮಾತು ಗಾಳಿಯಂತೆ ನನ್ನನ್ನು ದಾಟಿಹೋಗುತ್ತಿತ್ತು.

ಮರುದಿನ ಸುಬಹಿಗೆ, ಅಂದರೆ ಮುಂಜಾವಿನ ನಮಾಝಿಗೆ, ಮಸೀದಿಗೆ ಹೋದೆ. ಇಮಾಮರು ಮುದುಕರು, ಕಣ್ಣಿಗೆ ಪೊರೆ ಬಂದಿತ್ತು. ಎರಡನೇ ರಕಅತ್ತಿನಲ್ಲಿ, ಅಂದರೆ ನಮಾಝಿನ ಎರಡನೇ ಸುತ್ತಿನಲ್ಲಿ, ಬಾಗಿ ಎದ್ದವರು ನೆಲಕ್ಕೆ ಹಣೆ ಹಚ್ಚಲು ಹೋಗಲಿಲ್ಲ. ನಿಂತಲ್ಲೇ ಎರಡೂ ಕೈ ಎತ್ತಿ ಕುನೂತ್ ಶುರುಮಾಡಿದರು. ನಮ್ಮ ಶಾಫಿ ಪಂಗಡದವರು ದಿನಾ ಸುಬಹಿಯಲ್ಲಿ ಹೀಗೆ ನಿಂತು ಬೇಡುವುದು, ಹಿಂದಿನವರು ಆಮೀನ್ ಹೇಳುವುದು. ಮತ್ರಾದಲ್ಲಿ ನನ್ನ ಕೋಣೆಯ ಹತ್ತಿರದ ಮಸೀದಿಯಲ್ಲಿ ಕ್ರಮ ಬೇರೆ. ಅವರದು ಅವರಿಗೆ ಸರಿ. ಆದರೆ ಎರಡು ವರ್ಷದಿಂದ ಇದನ್ನು ನಾನು ಗುಂಪಿನಲ್ಲಿ ಕೇಳಿರಲಿಲ್ಲ. ಅಕ್ಷರ ಅಕ್ಷರವೂ ನಮ್ಮ ಉಸ್ತಾದರು ಹೇಳುತ್ತಿದ್ದದ್ದೇ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಆಮೀನ್ ಬರುತ್ತದೆ, ಎಲ್ಲಿಂದ ಸದ್ದಿಲ್ಲದೆ ಹೇಳಬೇಕು, ಎಲ್ಲ ನನಗೆ ಗೊತ್ತಿತ್ತು. ಭಾಷೆ ತಿಳಿಯದ ಊರಿನಲ್ಲಿ ಯಾವಾಗ ಬಾಯಿ ತೆರೆಯಬೇಕೆಂದು ಗೊತ್ತಿದ್ದ ಜಾಗ ಅದೊಂದೇ.

ನಮಾಝಿನ ನಂತರ ಮುದುಕರು ಕತ್ತು ಹೊರಳಿಸಿ, “ಹಿಂದೆ ಒಂದು ಹೊಸ ಗಂಟಲು. ಯಾರದು?” ಎಂದು ಅರಬಿಯಲ್ಲಿ ಕೇಳಿದರು.

“ಹಿಂದಿ, ಯಾ ಶೇಖ್. ಬಿಳಿ ದೋಣಿಯವನು,” ಎಂದು ಪಕ್ಕದವನು ಹೇಳಿದ. ಅರಬರಿಗೆ ಇಂಡಿಯಾದವರೆಲ್ಲ ‘ಹಿಂದಿ’.

“ಹಿಂದಿ ಆದರೇನು, ಆಮೀನ್ ಸರಿಯಾದ ಜಾಗದಲ್ಲಿ ಬಂತು.”

ಉತ್ತರ ಹೇಳಿದ ಆ ಪಕ್ಕದವನು ಹಿಂದೆ ಸೈನ್ಯದಲ್ಲಿದ್ದವನು. ಅಲ್ಲಿನ ಅಡುಗೆಯವರಿಂದ ಒಡ್ಡೊಡ್ಡಾದ ಹಿಂದಿ ಕಲಿತಿದ್ದ. ಅಲ್ಲಿಂದ ಅವನೇ ನನ್ನ ನಾಲಿಗೆಯಾದ. ಒಂದು ಸಂಜೆ ನನ್ನ ಮೀನು ಸಾರು ತಿಂದು, ಕಣ್ಣಲ್ಲಿ ನೀರು ಬಂದು, “ನಮ್ಮ ಕ್ಯಾಂಪಿನಲ್ಲೂ ನಿನ್ನಂಥವನೇ ಒಬ್ಬ ಅಡುಗೆಯವನಿದ್ದ. ಯುದ್ಧ ತಡೆದುಕೊಂಡೆ. ಅವನ ಸಾರು ತಡೆಯಲಾಗದೆ ಸೈನ್ಯ ಬಿಟ್ಟೆ,” ಎಂದ. ಆದರೂ ಮರುದಿನ ಬಂದ. ಸಾಹೇಬರು ದುರ್ಬೀನು ಹಿಡಿದು ಗುಡ್ಡ ಹತ್ತಿದರೆ ನಾನು ಗಂಡಸರ ಜೊತೆ ಬಲೆ ಎಳೆಯುತ್ತಿದ್ದೆ, ಶಾರ್ಕ್ ಸೀಳಿ ಒಣಹಾಕುತ್ತಿದ್ದೆ. ತಪ್ಪು ಮಾಡಿದರೆ ಬೈಯುತ್ತಿದ್ದರು. “ಚಾಕು ಹಿಡಿಯುವುದು ಹೀಗಾ? ನಿಮ್ಮೂರಲ್ಲಿ ಮೀನು ತಾನಾಗಿ ಹರಿದುಕೊಳ್ಳುತ್ತದಾ?” ಎಂದು ಒಬ್ಬ ನನ್ನ ಕೈಯಿಂದ ಕಸಿದುಕೊಂಡದ್ದನ್ನು ಆ ದಿನದ ಸಂತೋಷವೆಂದು ಬರೆದಿದ್ದೇನೆ.

ಶುಕ್ರವಾರ ಮಧ್ಯಾಹ್ನ ಮಾತ್ರ ನನಗೆ ಅಚ್ಚರಿ. ಅಲ್ಲಿ ಜುಮಾ, ಅಂದರೆ ಪ್ರವಚನದೊಂದಿಗಿನ ಶುಕ್ರವಾರದ ಸಾಮೂಹಿಕ ನಮಾಝ್, ಇರಲಿಲ್ಲ. ಮರದ ಮೂರು ಮೆಟ್ಟಿಲಿನ ಮಿಂಬರ್, ಅಂದರೆ ಪ್ರವಚನದ ಪೀಠ, ಗೋಡೆಗೆ ತಾಗಿ ನಿಂತಿತ್ತು. ಯಾರೂ ಹತ್ತುತ್ತಿರಲಿಲ್ಲ. ಎಲ್ಲ ದಿನಗಳಂತೆ ಮಧ್ಯಾಹ್ನದ ಲುಹರ್ ನಮಾಝ್ ಮಾಡಿ ಏಳುತ್ತಿದ್ದರು. ಕಾರಣ ಕೇಳುವ ಅಗತ್ಯ ಬೀಳಲಿಲ್ಲ. ನಮ್ಮ ಮದ್ರಸದಲ್ಲೂ ಅದನ್ನು ಬಾಯಿಪಾಠ ಮಾಡಿಸಿದ್ದರು. ಜುಮಾಕ್ಕೆ ನಲವತ್ತು ಗಂಡಸರು ಬೇಕು. ಪ್ರಾಯಕ್ಕೆ ಬಂದವರು, ಅದೇ ಊರಿನಲ್ಲಿ ನೆಲೆ ನಿಂತವರು. ದಾರಿಹೋಕರು ಎಷ್ಟು ಮಂದಿ ಇದ್ದರೂ ಎಣಿಕೆಗೆ ಇಲ್ಲ. ಉಳ್ಳಾಲದಲ್ಲಿ ಜುಮಾದ ದಿನ ಚಪ್ಪಲಿ ಇಡಲು ಜಾಗ ಸಿಗುತ್ತಿರಲಿಲ್ಲ. ಆ ನಿಯಮ ಯಾಕಿದೆ ಎಂದು ನಾನು ಯೋಚಿಸಿದವನಲ್ಲ.

ಮುದುಕರ ತಂದೆಯ ಕಾಲದಲ್ಲಿ ದ್ವೀಪದಲ್ಲಿ ಜನ ಹೆಚ್ಚಿದ್ದರು, ಜುಮಾ ಇತ್ತು. ಇವರಿಗೆ ಖತೀಬರೆಂಬ ಹೆಸರು ತಂದೆಯಿಂದ ಬಂದಿತ್ತು; ಖುತುಬಾ, ಅಂದರೆ ಜುಮಾದ ಪ್ರವಚನ, ಬಾಯಿಗೆ ಬರುತ್ತಿತ್ತು. ಆದರೆ ಒಂದು ಸಲವೂ ಆ ಮೆಟ್ಟಿಲು ಹತ್ತಿರಲಿಲ್ಲ. ಏಪ್ರಿಲಿನಲ್ಲಿ ಕಣ್ಣಿನ ಚಿಕಿತ್ಸೆಗೆ ಅವರನ್ನು ಸಲಾಲಾಕ್ಕೆ, ಮಗಳ ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಹೋದರೆ ತಿರುಗಿ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

ಮಾರ್ಚ್ ಮಧ್ಯದಲ್ಲಿ ನನ್ನ ನಾಲಿಗೆಯಾಗಿದ್ದ ಆ ಹಳೆಯ ಸೈನಿಕ ಓಡುತ್ತಾ ಬಂದ. ಆ ವಾರ ಮೂವರು ಅಣ್ಣತಮ್ಮಂದಿರು ಕರಾವಳಿಯ ಮಿರ್ಬಾತ್ ಪಟ್ಟಣದ ಕೆಲಸ ಬಿಟ್ಟು ಖಾಯಮ್ಮಾಗಿ ದ್ವೀಪಕ್ಕೆ ಮರಳಿದ್ದರು. ಮದುವೆಯಾಗಿ ಬಂದ ಅಳಿಯನೊಬ್ಬ ಅಲ್ಲೇ ನಿಲ್ಲುವುದೆಂದಾಗಿತ್ತು.

“ಎಣಿಸಿದೆವು. ಇಮಾಮರೂ ಸೇರಿ ಮೂವತ್ತೊಂಬತ್ತು.”

ನನ್ನ ಕೈಯಲ್ಲಿ ಹಾಯಿ ಹೊಲಿಯುವ ಸೂಜಿ ಇತ್ತು. ಅವನು ಯಾಕೆ ಬಂದನೆಂದು ನನಗೆ ಅರ್ಥವಾಯಿತು.

ಸಂಜೆ ಖತೀಬರ ಮನೆಯಲ್ಲಿ ಕಾವಾ ಆದ ಮೇಲೆ ಅವರೇ ಕೇಳಿದರು. ಸೈನಿಕ ಮಾತು ದಾಟಿಸಿದ.

“ಮಗನೇ, ಮಸೀದಿಯ ಪಕ್ಕದ ಕೋಣೆ ಖಾಲಿ ಇದೆ. ನಾನು ಹೋದ ಮೇಲೆ ಮಕ್ಕಳಿಗೆ ಓದಿಸಲು ಯಾರೂ ಇಲ್ಲ. ನೀನು ನಮ್ಮಲ್ಲೇ ಇರುತ್ತೀಯಾ?”

“ಹೆಣ್ಣು ಕೂಡ ನೋಡುವ,” ಎಂದು ಸೈನಿಕ ತನ್ನದೊಂದು ಸೇರಿಸಿದ. “ಸಾರು ಮಾತ್ರ ಅವಳೇ ಮಾಡಬೇಕು.”

ಎಲ್ಲರೂ ನಕ್ಕರು. ಖತೀಬರು ನಗಲಿಲ್ಲ. “ಶುಕ್ರವಾರದೊಳಗೆ ಹೇಳು. ಬೇರೆ ಪಂಗಡಗಳಲ್ಲಿ ಕಡಿಮೆ ಜನ ಸಾಕಂತೆ. ಆದರೆ ನನ್ನ ತಂದೆ ನಲವತ್ತು ಎಣಿಸಿದವರು.”

ಸಾಹೇಬರಿಗೆ ಹೇಳಿದೆ. ಅವರು ಹಗ್ಗ ಸುತ್ತುತ್ತಲೇ, “ಗಾಳಿ ಇನ್ನೂ ಹಿಂದಿನಿಂದಲೇ ಇದೆ. ಸಲಾಲಾ ತನಕ ಒಬ್ಬನೇ ಹೋಗಬಲ್ಲೆ. ನನಗಾಗಿ ಬರಬೇಡ. ನಿನ್ನ ಪಾಸ್‌ಪೋರ್ಟ್ ಏಜೆನ್ಸಿಯಲ್ಲಿದೆ. ನಿನ್ನ ಪರವಾಗಿ ಮಾತಾಡುತ್ತೇನೆ, ಭರವಸೆ ಕೊಡಲಾರೆ,” ಎಂದರು. ಇಷ್ಟು ತಿಂಗಳಲ್ಲಿ ಅವರು ಒಟ್ಟಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು.

ಪಾಸ್‌ಪೋರ್ಟಿನ ಮೇಲೆ ಎಲ್ಲವನ್ನೂ ಹೊರಿಸಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಪ್ರಶ್ನೆ ಅದಾಗಿರಲಿಲ್ಲ. ಬಂದರಿನಲ್ಲಿ ನಾನು ಎದ್ದುಹೋದರೆ ನನ್ನ ಹಾಸಿಗೆ ಒಂದು ಗಂಟೆಯೂ ಖಾಲಿ ಇರುತ್ತಿರಲಿಲ್ಲ. ಇಲ್ಲಿ ಒಂದು ಊರಿಗೆ ಊರೇ ಒಬ್ಬನ ಕೊರತೆಯಲ್ಲಿ ನಿಂತಿತ್ತು, ಆ ಒಬ್ಬ ನಾನಾಗಬಹುದಿತ್ತು. ಎರಡು ದಿನ ಗುಡ್ಡದ ಮೇಲೆ ಒಬ್ಬನೇ ಕುಳಿತು ‘ಇರುತ್ತೇನೆ’ ಎಂದು ಅರಬಿಯಲ್ಲೂ ಬ್ಯಾರಿಯಲ್ಲೂ ಹೇಳಿ ನೋಡಿದೆ. ಹೇಳುವಾಗೆಲ್ಲ ಮುಂದೆ ಬರುವ ಯೋಚನೆ ಆ ದ್ವೀಪದ್ದಾಗಿರುತ್ತಿರಲಿಲ್ಲ. ಇಲ್ಲಿ ಒಂದು ವರ್ಷ ಇದ್ದು ಊರಿಗೆ ಹೋಗಿ ಉಮ್ಮನಿಗೆ ಈ ಕತೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಮದುವೆಯ ಮಾತು ನೆನೆದರೂ ಉಳ್ಳಾಲದ ಹಳೆಕೋಟೆಯ ಓಣಿಯಲ್ಲಿ ಚಪ್ಪರ ಕಾಣುತ್ತಿತ್ತು.

ಗುರುವಾರ ಸಂಜೆ ಸೈನಿಕ ಪಕ್ಕದಲ್ಲಿ ಬಂದು ಕುಳಿತ.

“ಇಷ್ಟು ಕಷ್ಟ ಎಂತಕ್ಕೆ? ನಾಳೆ ಇರುತ್ತೇನೆ ಅನ್ನು. ಮುದುಕ ಮೆಟ್ಟಿಲು ಹತ್ತಲಿ. ನಾಡಿದ್ದು ಮನಸ್ಸು ಬದಲಾಯಿತು ಅನ್ನು, ಖಲಾಸ್. ನಿನ್ನ ಎದೆಯೊಳಗೆ ಯಾರು ಇಣುಕಿ ನೋಡುತ್ತಾರೆ?”

“ಇಣುಕಿ ನೋಡುವವನ ಮುಂದೆಯೇ ಅಲ್ವಾ ನಾಳೆ ನಿಲ್ಲುವುದು?”

ಅವನು ಒಂದು ಕಲ್ಲು ತೆಗೆದು ಕಡಲಿಗೆ ಎಸೆದ. “ಅಡುಗೆಯವರನ್ನು ನಂಬಬಾರದು,” ಎಂದ. ಆದರೆ ನನ್ನ ಜೊತೆ ಖತೀಬರ ಮನೆಯವರೆಗೆ ಬಂದ.

ಇರಬೇಕೆಂಬ ಆಸೆ ನನಗೆ ಬಹಳ ಇತ್ತು. ಇರುತ್ತೇನೆಂಬ ನಿಯ್ಯತ್, ಮನಸ್ಸಿನೊಳಗಿನ ಸಂಕಲ್ಪ, ಇರಲಿಲ್ಲ. ಅದನ್ನು ನನಗೆ ಗೊತ್ತಿದ್ದ ಅರಬಿಯಲ್ಲಿ ಹೇಳಿದೆ. ಸೈನಿಕ ಏನನ್ನೂ ತಿದ್ದಲಿಲ್ಲ. ಖತೀಬರು ಕಾವಾದ ಬಟ್ಟಲನ್ನು ಕೆಳಗಿಟ್ಟರು. “ನಿನಗೆ ಒಳ್ಳೆಯದಾಗಲಿ” ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಶುಕ್ರವಾರ ಮಸೀದಿ ತುಂಬಿತ್ತು. ಕೆಲವರು ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದರು. ನನ್ನ ಉತ್ತರ ಅವರಿಗೆ ತಲುಪಿರಲಿಲ್ಲ ಎಂದು ಕಾಣುತ್ತದೆ. ಖತೀಬರು ಮಿಂಬರಿನ ಪಕ್ಕದಿಂದಲೇ ಹಾದು ತಮ್ಮ ಜಾಗದಲ್ಲಿ ನಿಂತರು. ಲುಹರ್ ಆಯಿತು, ನಾಲ್ಕು ರಕಅತ್. ಹೊರಗೆ ಬಂದಾಗ ನನ್ನನ್ನು ಊಟಕ್ಕೆ ಕರೆದರು. ಆಡು ಕಡಿದಿದ್ದರು. ಮೆತ್ತನೆಯ ದಿಂಬು ತಂದು ಬೆನ್ನಿಗೆ ಇಟ್ಟರು, ಮಾಂಸದ ಒಳ್ಳೆಯ ಭಾಗ ಹುಡುಕಿ ನನ್ನ ಮುಂದೆ ಇಟ್ಟರು. ಮೂರು ತಿಂಗಳು ನಾನು ಅವರ ನಡುವೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕುಕ್ಕರುಗಾಲಲ್ಲಿ ಕೂತು ತಿಂದವನು. ಊಟವಾದ ಮೇಲೆ ತಟ್ಟೆ ಎತ್ತಲು ಕೈ ಚಾಚಿದೆ. ಯಾವಾಗಲೂ ನನ್ನನ್ನು ಬೈಯುತ್ತಿದ್ದವನೇ ನನ್ನ ಮುಂಗೈ ಹಿಡಿದು ಮೆಲ್ಲಗೆ ಕೆಳಗಿಳಿಸಿದ.

“ನೀವು ಕುಳಿತುಕೊಳ್ಳಿ,” ಎಂದು ಸೈನಿಕ ಅವನ ಮಾತನ್ನು ದಾಟಿಸಿದ. ಹಿಂದಿಯಲ್ಲಿ ಅಷ್ಟು ದಿನ ‘ತೂ’ ಎನ್ನುತ್ತಿದ್ದವನು ಆಗ ‘ಆಪ್’ ಎಂದ.

ಶನಿವಾರ ಹೊರಟೆವು. ದಡಕ್ಕೆ ಎಲ್ಲರೂ ಬಂದರು. ಒಣ ಮೀನು, ಜೇನು, ಒಂದು ಚೀಲ ಲೋಬಾನ ಕೊಟ್ಟರು. ಖತೀಬರು ನನ್ನ ತಲೆಯ ಮೇಲೆ ಕೈ ಇಟ್ಟು ಓದಿದರು. ಡೈರಿಯಲ್ಲಿ ಕೊಟ್ಟ ಸಾಮಾನುಗಳ ಪಟ್ಟಿ ಇದೆ, ಗಾಳಿಯ ದಿಕ್ಕು ಇದೆ. ಕೊನೆಯ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ, ಸೊನ್ನೆಯನ್ನೂ ಹಾಕಿಲ್ಲ.

ಮಧ್ಯಾಹ್ನದ ಹೊತ್ತಿಗೆ ದ್ವೀಪ ನೀರಿನ ಮೇಲೆ ಒಂದು ಕಂದು ಗೆರೆಯಾಯಿತು. ಚುಕ್ಕಾಣಿಯನ್ನು ಸಾಹೇಬರಿಗೆ ಕೊಟ್ಟು, ದಿಕ್ಸೂಚಿ ನೋಡಿ, ಹಲಗೆಯ ಮೇಲೆ ನಿಂತು ನಮಾಝ್ ಮಾಡಿದೆ. ದಾರಿಯಲ್ಲಿರುವವನಿಗೆ ನಾಲ್ಕರ ಬದಲು ಎರಡು ರಕಅತ್ ಸಾಕು.

“ಇಂದು ಬೇಗ ಮುಗಿಯಿತು,” ಎಂದರು ಸಾಹೇಬರು.

“ಹೌದು,” ಎಂದು ಹೇಳಿ ಮಲಗಲು ಒಳಗೆ ಹೋದೆ. ನನ್ನ ಪಾಳಿ ಸಂಜೆಗಿತ್ತು.