ಮೊಲದ ಸೀಸೆಗೆ ಒಂದು ಹನಿ

ಆ ಸಂಜೆ ಪುತ್ತಿಗೆಯ ಅಡುಗೆಮನೆಯಲ್ಲಿ ಇದ್ದವರು ಮೂವರು: ಮನೆಯೊಡತಿ ಶಂಕರಿ ಅಕ್ಕ, ದೇವಸ್ಥಾನದ ಪೂಜೆ ಮುಗಿಸಿ ಬಂದ ಅವರ ಯಜಮಾನರು ಭಟ್ಟರು, ಬಾಡಿಗೆ ಕೋಣೆಯ ನಾನು. ನಡುವೆ ಮೇಜಿನ ಮೇಲೆ ಒಂದು ಥರ್ಮಾಕೋಲ್ ಪೆಟ್ಟಿಗೆ. "ಮೊಲದ ರಕ್ತವಾ?" ಎಂದು ಭಟ್ಟರು ಕೇಳಿದರು.

ರಕ್ತವಲ್ಲ, ಮೊಲದ ರಕ್ತದಿಂದ ತೆಗೆದ ಆಂಟಿಬಾಡಿ ಎಂದು ಬಿಡಿಸಿ ಹೇಳಿದೆ. ನಮ್ಮ ಹೊಟ್ಟೆಯಲ್ಲಿ ತುಪ್ಪ, ಎಣ್ಣೆ ಅರಗಿಸುವ ಲೈಪೇಸ್ ಎಂಬ ಕಿಣ್ವವಿದೆ. ಸಾವಿರ ವಸ್ತುಗಳ ನಡುವೆ ಅದೊಂದನ್ನೇ ಹುಡುಕಿ ಅಂಟಿಕೊಳ್ಳುವುದು ಈ ಆಂಟಿಬಾಡಿಯ ಕೆಲಸ. ಗದಗಿನಿಂದ ಕಾಸರಗೋಡಿನ ಪ್ರಯೋಗಾಲಯಕ್ಕೆ ನಾನು ಬಂದದ್ದು ಇದನ್ನೇ ನಂಬಿ. ಇದು ಹಿಡಿದರೆ ಪ್ರಾಜೆಕ್ಟ್ ಮುಂದುವರಿಯುತ್ತದೆ, ಇಲ್ಲದಿದ್ದರೆ ನನಗೆ ಊರಿನ ಬಸ್ಸು.

ಮರುದಿನ ಹರತಾಳ. ನಮ್ಮ ಕಡೆ ಬಂದ್ ಎಂದರೆ ಅಂಗಡಿಗಳ ಅರ್ಧ ಬಾಗಿಲು ತೆರೆದಿರುತ್ತದೆ. ಇಲ್ಲಿ ಹರತಾಳವೆಂದರೆ ರಸ್ತೆಯ ನಾಯಿಗೂ ರಜೆ. ಹಾಗಾಗಿ ಸೀತಾಂಗೋಳಿಯ ಕೊರಿಯರ್ ಅಂಗಡಿಯಿಂದ ಪೆಟ್ಟಿಗೆಯನ್ನು ನೇರ ಮನೆಗೇ ತಂದಿದ್ದೆ. ಅದಕ್ಕೆ ಫ್ರಿಜ್ ಬೇಕು. ಫ್ರಿಜ್ಜಿನಲ್ಲಿ ದೇವರ ನೈವೇದ್ಯದ ಹಾಲಿತ್ತು.

ಗದಗಿನಲ್ಲಾದರೆ ಮುಖಕ್ಕೇ "ಆಗೂದಿಲ್ಲವ್ವಾ" ಎಂದು ಹೇಳಿ, ಮರುಕ್ಷಣ ರೊಟ್ಟಿ ಬಡಿಸುತ್ತಿದ್ದರು. ಇಲ್ಲಿಯವರು ಇಲ್ಲ ಎನ್ನುವುದಿಲ್ಲ.

"ಇಡುವ ಮಾರಾಯ್ತಿ, ಜಾಗ ಉಂಟಲ್ಲ. ನೀನು ಮಿಂದು ಬಾ," ಎಂದರು ಅಕ್ಕ.

ಮಿಂದು ಬರುವಷ್ಟರಲ್ಲಿ ಪೆಟ್ಟಿಗೆಯೊಳಗಿನ ಪುಟ್ಟ ಸೀಸೆ ಹಾಲಿನ ಪಕ್ಕದಲ್ಲೇ ಕುಳಿತಿತ್ತು. ಈ ಊರು ನನ್ನನ್ನು ಒಳಗೆ ಕರೆದುಕೊಂಡಿತೆಂದು ಅಂದು ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ನೋಡಿದರೆ ಬೆರಳ ತುದಿಯಷ್ಟು ಸೀಸೆಯೊಳಗೆ ಹಳದಿ ಮಡ್ಡಿ. ಅಕ್ಕ ದೋಸೆ ಹೊಯ್ಯುತ್ತಲೇ ಸಮಾಧಾನ ಹೇಳಿದರು. "ಒಂದೇ ಹನಿ ಪಂಚಗವ್ಯ ಹಾಕಿದ್ದು. ಇನ್ನು ಮೈಲಿಗೆ ಇಲ್ಲ, ಹೆದರಬೇಡ."

"ಒಳಗೆ ಯಾಕೆ ಹಾಕಿದಿರಿ ಅಕ್ಕಾ?"

"ಹೊರಗೆ ಪ್ರೋಕ್ಷಣೆ ಮಾಡಿದರೆ ಒಳಗಿದ್ದದ್ದು ಶುದ್ಧ ಆಗ್ತದಾ? ಎಂತ ಕೇಳ್ತೀ ನೀನು."

ಹಾಲು, ಮೊಸರು, ತುಪ್ಪ, ಗೋಮೂತ್ರ, ಗೋಮಯ. ಐದೂ ಆ ಒಂದು ಹನಿಯಲ್ಲಿದ್ದವು. ಬೈದವರಿಗೆ ಉತ್ತರ ಕೊಡಬಹುದು, ಉಪಕಾರ ಮಾಡಿದವರ ಮುಂದೆ ಬಾಯಿ ಕಟ್ಟುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ. ಫೋನಿನಲ್ಲಿ ಪ್ರಯೋಗಾಲಯದ ನಮ್ಮ ಮೇಷ್ಟ್ರಿಗೆ ಹೇಳಿದರೆ, ಇನ್ನು ಅದು ಕೆಲಸಕ್ಕೆ ಬರುವುದು ಸಂಶಯ ಎಂದರು. ಹರತಾಳದ ದಿನವಿಡೀ ಜಗಲಿಯಲ್ಲಿ ಕುಳಿತು, ವಾಹನವಿಲ್ಲದ ರಸ್ತೆ ನೋಡಿದೆ. ತಟ್ಟೆಯಲ್ಲಿ ದೋಸೆ ಆರಿತು.

ಆದರೂ ಮರುದಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದೆ. ಲೈಪೇಸ್ ಇದ್ದಲ್ಲಿ ಮೂಡಬೇಕಾದ ಗೆರೆ ಮೂಡಲಿಲ್ಲ. ಕಾಗದದಂಥ ಪರೀಕ್ಷೆಯ ಪೊರೆಯ ತುಂಬ ಬರೀ ಮಸಿ. ಪ್ರಾಜೆಕ್ಟ್ ಮುಗಿಯುವ ಮುನ್ನ ಇನ್ನೊಂದು ಸೀಸೆ ಬರಲಾರದು, ಅವಧಿ ಮುಗಿದ ಮೇಲೆ ಮುಂದುವರಿಕೆಯೂ ಇಲ್ಲ ಎಂದರು ಮೇಷ್ಟ್ರು.

ನಿನ್ನ ಮೊಲ ಕೆಲಸ ಮಾಡಿತಾ ಎಂದು ಅಕ್ಕ ದಿನವೂ ಕೇಳುತ್ತಿದ್ದರು. ಮಾಡಿತು ಎಂದೆ. ಮತ್ತೇನು ಹೇಳಲಿ? ಈಗ ಊರಿಗೆ ಫೋನು ಮಾಡಿದರೆ ನನ್ನ ಬಾಯಲ್ಲಿ "ಐತಿ" ಹೋಗಿ "ಉಂಟು" ಬರುತ್ತದೆ, ಅವ್ವ ನಗುತ್ತಾಳೆ. ಇಲ್ಲಿ ರೊಟ್ಟಿಯ ನೆನಪು, ಅಲ್ಲಿಗೆ ಹೋದರೆ ಈ ದೋಸೆಯ ನೆನಪು.

ಮೊನ್ನೆ ಅಕ್ಕ ಫ್ರಿಜ್ಜಿನ ಕೆಳಗಿನ ಖಾನೆ ಖಾಲಿ ಮಾಡಿ, ತೊಳೆದು, ಬಾಳೆಲೆ ಹಾಸಿದರು. "ಇದು ನಿನ್ನದು. ಮೊಲವಾಗಲಿ ಹಂದಿಯಾಗಲಿ, ಇನ್ನು ಕೇಳುವುದು ಬೇಡ," ಎಂದರು.

ಇಡಲು ನನ್ನ ಬಳಿ ಏನೂ ಇರಲಿಲ್ಲ. ರೊಟ್ಟಿಗೆ ಹಚ್ಚಿ ತಿನ್ನಲು ಅವ್ವ ಕಳಿಸಿದ ಶೇಂಗಾ ಹಿಂಡಿಯ ಡಬ್ಬಿ ತಂದು ಇಟ್ಟೆ.