ಧೂಳಪ್ಪನ ತಲೆ, ಮಾವನ ಬಾಗಿಲು

ಮುದ್ದೇಬಿಹಾಳದ ಧೂಳಪ್ಪ ಕೈ ಇಟ್ಟರೆ ಸತ್ತ ಹೊಲಿಗೆ ಮಷೀನೂ ಎದ್ದು ಕೂರುತ್ತಿತ್ತು. ತಾಳಿಕೋಟೆಯಿಂದ ನಿಡಗುಂದಿಯವರೆಗೆ ಯಾವ ಸಿಂಪಿಗರ ಮಷೀನು ಕೆಟ್ಟರೂ ಅವನಿಗೇ ಕರೆ. ಎಣ್ಣೆ ಡಬ್ಬಿ, ಸ್ಕ್ರೂಡ್ರೈವರು ಪಾನಾಗಳ ಚೀಲ ಹ್ಯಾಂಡಲ್ಲಿಗೆ ಸಿಕ್ಕಿಸಿ ಸೈಕಲ್ಲು ಹತ್ತಿದನೆಂದರೆ ಮೂರು ಊರು ಮುಗಿಸಿಯೇ ಮನೆಗೆ ಬರುತ್ತಿದ್ದ. ಆದರೆ ಜನ ಅವನ ಕೈಯ ಬಗ್ಗೆ ಆಡಿದ್ದು ಕಡಿಮೆ, ತಲೆಯ ಬಗ್ಗೆ ಆಡಿದ್ದೇ ಹೆಚ್ಚು. ಊರ ಬಾಯಿ ಮುಚ್ಚುವಂಥ ಮೂಕುಡವನ್ನು ಯಾವ ಕುಂಬಾರನೂ ಇನ್ನೂ ಮಾಡಿಲ್ಲ ನೋಡಿ.

ಮದುವೆಯಲ್ಲಿ ಮಾವ ಸಿದ್ದರಾಯ ತನ್ನ ಕೈಯಾರೆ ಅವನಿಗೆ ಕೆಂಪು ರುಮಾಲು ಸುತ್ತಿದ್ದ. ನಡೆದು ಹೋಗುವವನಿಗೆ ಅದು ಬಲು ಚಂದ. ಸೈಕಲ್ಲಿನ ಮೇಲೆ ಮಾತ್ರ ಎದುರುಗಾಳಿ ಬಂದಾಗ ಸುತ್ತು ಬಿಚ್ಚಿ, ಸೆರಗು ಹಿಂದಿನ ಗಾಲಿಗೆ ಸಿಕ್ಕಿ, ಧೂಳಪ್ಪ ಹೆಸರಿಗೆ ತಕ್ಕಂತೆ ಧೂಳಿನಲ್ಲಿ ಮಲಗುತ್ತಿದ್ದ. ಎರಡನೆಯ ಸಲ ಮುಂದಿನ ಹಲ್ಲೊಂದು ಹೋಯಿತು. ಗಾಂಧಿ ಟೋಪಿ ಹಾಕಿ ನೋಡಿದ. ಅದು ಮೊದಲ ದಿನವೇ ಹಾರಿ ಜೋಳದ ಹೊಲದೊಳಗೆ ಹೊಕ್ಕಿತು, ಇವತ್ತಿಗೂ ಹೊರಗೆ ಬಂದಿಲ್ಲ. ಟವೆಲ್ಲು ಕಟ್ಟಿದರೆ ದಾರಿಯಲ್ಲಿ ಸಿಕ್ಕವರೆಲ್ಲ ಹಲ್ಲುನೋವೇ ಎಂದು ಕೇಳಿ, ಒಬ್ಬೊಬ್ಬರು ಒಂದೊಂದು ಔಷಧ ಹೇಳಿದರು. ಕೊನೆಗೆ ಬೇಸತ್ತು ಬರಿದಲೆಯಲ್ಲೇ ಓಡಾಡತೊಡಗಿದ.

ಆ ಸೀಮೆಯಲ್ಲಿ ಬರಿದಲೆಯ ಗಂಡಸು ಏದುಸಿರು ಬಿಡುತ್ತ ಬೀಗರ ಮನೆಗೆ ಬಂದನೆಂದರೆ ಅದಕ್ಕೆ ಒಂದೇ ಅರ್ಥ. ಯಾರೋ ಸತ್ತಿದ್ದಾರೆ. ಧೂಳಪ್ಪನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಹೆಂಡತಿ ಶೇವಂತೆವ್ವ ಹೆರಿಗೆಗೆಂದು ತಾಳಿಕೋಟೆ ಹತ್ತಿರದ ತವರಿಗೆ ಹೋಗಿ, ಗಂಡು ಕೂಸು ಹುಟ್ಟಿ ಐದು ತಿಂಗಳಾಗಿತ್ತು. ಕೂಸನ್ನು ಅವನು ಎತ್ತಿಕೊಂಡಿದ್ದು ಎರಡೇ ಸಲ. ಇಬ್ಬರನ್ನೂ ಕರೆತರುವ ಆತುರದಲ್ಲಿ ತಲೆಯ ನೆನಪೇ ಆಗಲಿಲ್ಲ.

ಮಾವನ ಅಂಗಳದಲ್ಲಿ ಸೈಕಲ್ಲು ಒರಗಿಸಿ ಉಸಿರು ತೆಗೆದುಕೊಳ್ಳುವುದರೊಳಗೆ ಹೆಂಡತಿಯ ಚಿಕ್ಕವ್ವ ರಾಮವ್ವ ಅವನ ತಲೆ ನೋಡಿದಳು. ಏನು ಎತ್ತ ಕೇಳಲಿಲ್ಲ. ಎದೆ ಬಡಿದುಕೊಂಡು ಧೂಳಪ್ಪನ ತಾಯಿ ಮರೆವ್ವನ ಹೆಸರು ಹಿಡಿದು ಹಾಡಿ ಅಳತೊಡಗಿದಳು. ಮರೆವ್ವ ಒಮ್ಮೆ ತನಗೆ ಕೊಟ್ಟ ಶೇಂಗಾ ಹೋಳಿಗೆಯನ್ನೂ ಹಾಡಿನಲ್ಲಿ ಸೇರಿಸಿದಳು. ಓಣಿಯ ನಾಲ್ಕು ಹೆಂಗಸರು ಬಂದು ದನಿಗೂಡಿಸಿದರು. ಅದೇ ಹೊತ್ತಿಗೆ ಮರೆವ್ವ ಮುದ್ದೇಬಿಹಾಳದಲ್ಲಿ ಗಟ್ಟಿಮುಟ್ಟಾಗಿ ರೊಟ್ಟಿ ಬಡಿಯುತ್ತಿದ್ದಳು. ನಿಜ ಗೊತ್ತಾದಾಗ ರಾಮವ್ವನಿಗೆ ಸಂತೋಷವಾಗಬೇಕಿತ್ತು, ಆದರೆ ಅಷ್ಟು ಒಳ್ಳೆಯ ಅಳು ಹಾಳಾಯಿತಲ್ಲ ಎಂದು ಸಿಟ್ಟೇ ಬಂತು.

ಸಿದ್ದರಾಯ ಮಾತ್ರ ಕೂಗಾಡಲಿಲ್ಲ. ಅವನಿಗೆ ಸಿಟ್ಟು ನೆತ್ತಿಗೇರಿದಾಗಲೇ ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತಿತ್ತು.

"ಅಳಿಯಾರ, ಮೂರು ತಲಿಮಾರಿಂದ ಈ ಹೊಸ್ತಲಾ ಯಾರೂ ಬರೇ ತಲಿಲೆ ದಾಟಿಲ್ರಿ. ರುಮಾಲ ಸುತಗೊಂಡ ಬರ್ರಿ, ಆಮ್ಯಾಲ ಮಗಳ್ನ ಕರಕೊಂಡ ಹೋಗ್ರಿ" ಎಂದ.

ಒಳಗಿನಿಂದ ಕೂಸು ಅಳುವುದು ಕೇಳುತ್ತಿತ್ತು. ಧೂಳಪ್ಪ ಅದರ ಮುಖ ಕೂಡ ನೋಡದೆ ಸೈಕಲ್ಲು ತಿರುಗಿಸಿದ. ದಾರಿಯುದ್ದಕ್ಕೂ ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು.

ಮರುವಾರ ನಿಡಗುಂದಿಯ ಸಿಂಪಿಗ ಅಮೀನುದ್ದೀನನ ಮಷೀನು ರಿಪೇರಿ ಮಾಡುತ್ತ ತನ್ನ ಗೋಳು ತೋಡಿಕೊಂಡ. ಅಮೀನುದ್ದೀನನ ತಮ್ಮ ಆಲಮಟ್ಟಿ ಡ್ಯಾಮಿನ ಕೆಲಸದಲ್ಲಿದ್ದ. ಅಲ್ಲಿ ತಲೆಗೆ ಪೆಟ್ಟು ಬೀಳದಂತೆ ಹಾಕುವ ಹಳದಿ ಬಣ್ಣದ ಹಳೆಯ ತಗಡಿನ ಟೋಪಿಯೊಂದು ಮನೆಯಲ್ಲಿ ಕೋಳಿಮರಿ ಮುಚ್ಚಲು ಬಳಕೆಯಾಗುತ್ತಿತ್ತು. ಅಮೀನುದ್ದೀನ ಅದನ್ನು ತೊಳೆದು ಕೊಟ್ಟ. ಗದ್ದದ ಕೆಳಗೆ ಪಟ್ಟಿ ಬಿಗಿದರೆ ಎಂಥ ಗಾಳಿಗೂ ಅದು ಹಂದುತ್ತಿರಲಿಲ್ಲ. ಧೂಳಪ್ಪ ಖುಷಿಯಿಂದ ಎರಡು ಮೈಲಿ ತುಳಿದ.

ಮೂರನೆಯ ಮೈಲಿಗೆ ಬಾಳಮ್ಮ ಎಂಬ ಮುದುಕಿ ಸೈಕಲ್ಲಿಗೆ ಅಡ್ಡ ನಿಂತಳು. ಹಳದಿ ಟೋಪಿ ಎಂದರೆ ಮುಳುಗಡೆ ಹೊಲ ಅಳೆಯುವ ಸಾಹೇಬ ಎಂಬುದು ಆ ಕಡೆ ಎಲ್ಲರಿಗೂ ಗೊತ್ತಿದ್ದ ಮಾತು. ಅವಳು ಅವನನ್ನು ಹೊಲಕ್ಕೆ ಕರೆದೊಯ್ದು, ರೊಟ್ಟಿ ಬದನೆಕಾಯಿ ಉಣ್ಣಿಸಿ, ನೀರಿನ ಗೆರೆಯನ್ನು ತನ್ನ ಬದುವಿನ ಆಚೆಗೆ ಎಳೆಯಿರೆಂದು ಕೈಮುಗಿದಳು. ತಾನು ಹೊಲಿಗೆ ಮಷೀನಿನವನು ಎಂದರೆ ನಂಬಲಿಲ್ಲ, ಸಾಹೇಬರು ಮೊದಲು ಹಾಗೇ ಹೇಳುತ್ತಾರೆ ಎಂದಳು. ಕೊನೆಗೆ ಹೊಲ ಮುಳುಗುವುದಿಲ್ಲ ಎಂದು ಹೇಳಿ ತಪ್ಪಿಸಿಕೊಂಡು ಬಂದ. ಆ ಸುಳ್ಳು ಅವನನ್ನು ಬಹಳ ದಿನ ಚುಚ್ಚಿತು.

ಹಳದಿ ಕಾಣಬಾರದು, ರುಮಾಲು ಬಿಚ್ಚಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಧೂಳಪ್ಪ ಮದುವೆಯ ರುಮಾಲನ್ನು ಆ ಟೋಪಿಯ ಮೇಲೆಯೇ ಸುತ್ತಿ, ಒಂದೊಂದು ಸುತ್ತನ್ನೂ ದಪ್ಪ ದಾರದಲ್ಲಿ ಹೊಲಿದುಬಿಟ್ಟ. ರುಮಾಲು ಮದುಮಗನದ್ದಕ್ಕಿಂತ ಭರ್ಜರಿಯಾಯಿತು. ಮಾವನ ಊರು ಬರುತ್ತಲೇ ಗದ್ದದ ಪಟ್ಟಿ ಬಿಚ್ಚಿ ಒಳಗೆ ತುರುಕಿಕೊಂಡ.

ಸಿದ್ದರಾಯ ನೋಡಿ ಹಿಗ್ಗಿ, ತಾನೇ ಕಾಲಿಗೆ ನೀರು ಕೊಟ್ಟ. ರಾಮವ್ವನೂ ನಕ್ಕಳು. ಬಾಗಿಲಲ್ಲಿ ಶೇವಂತೆವ್ವ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಧೂಳಪ್ಪ ಕೂಸಿನ ಮುಖವನ್ನೇ ನೋಡುತ್ತ ಬಗ್ಗುವುದನ್ನು ಮರೆತು ನುಗ್ಗಿದ. ಬಾಗಿಲ ಮೇಲಿನ ಪಟ್ಟಿಗೆ ತಲೆ ತಾಗಿ ಠಣ್ ಎಂದಿತು. ಯಾವ ಕೊಡ ಬಿತ್ತು ಎಂದು ರಾಮವ್ವ ಅಡುಗೆಮನೆಗೆ ಓಡಿದಳು. ಸಿದ್ದರಾಯ ಹತ್ತಿರ ಬಂದು ಅಳಿಯನ ರುಮಾಲಿನ ಮೇಲೆ ಬೆರಳು ಮಡಿಚಿ ಕುಟ್ಟಿದ.

ಧೂಳಪ್ಪ ಅದನ್ನು ತೆಗೆದು ಮಾವನ ಕೈಗೆ ಕೊಟ್ಟ. "ರುಮಾಲ ನೀವು ಸುತ್ತಿದ್ದ ಐತ್ರಿ ಮಾವಾರ. ಒಳಗಿಂದಷ್ಟ ನಂದು. ಕೂಸು ಅಪ್ಪಾ ಅನ್ನೂತನಕಾದ್ರೂ ತಲಿ ಉಳೀಬೇಕಲ್ರಿ" ಎಂದ.

ಸಿದ್ದರಾಯ ಅದನ್ನು ಹೊರಳಿಸಿ ಒಳಗೆ ನೋಡಿದ, ಆಮೇಲೆ ಬಾಗಿಲನ್ನು ನೋಡಿದ. ಅವನು ಆರಡಿ ಆಳು, ಬಾಗಿಲು ಐದಡಿಯದು. ಹುಟ್ಟಿದ ಮನೆಯ ಬಾಗಿಲೇ ಅವನ ಹಣೆಯ ಮೇಲೆ ನಿಂಬೆಕಾಯಿಯಷ್ಟು ಬುಗುಟು ಎಬ್ಬಿಸಿತ್ತು, ಅದು ಊರಿಗೇ ಗೊತ್ತು. ತನ್ನ ರುಮಾಲು ತೆಗೆದಿಟ್ಟು ಅಳಿಯನದನ್ನು ಹಾಕಿಕೊಂಡ. ಬಗ್ಗದೆ ಒಳಗೆ ಹೋದ, ಠಣ್. ಬಗ್ಗದೆ ಹೊರಗೆ ಬಂದ, ಠಣ್. ಮೂರನೆಯ ಸಲ ಬೇಕೆಂದೇ ಜೋರಾಗಿ ಹಾಯ್ದ.

"ಅಳಿಯಾರ, ಇದು ಇಲ್ಲೇ ಇರ್ಲಿ. ನೀವು ಮಗಳ್ನ ಕರಕೊಂಡ ನಡೀರಿ" ಎಂದ.

ಮೂರು ತಲೆಮಾರಿನ ಮಾತು ಅವನಿಗಾಗಲೀ ಬೇರೆಯವರಿಗಾಗಲೀ ನೆನಪಾಗಲಿಲ್ಲ. ಧೂಳಪ್ಪ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಸಂಜೆಗೆ ಮುದ್ದೇಬಿಹಾಳದ ತನ್ನ ಓಣಿಗೆ ಬಂದ. ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದ ಮರೆವ್ವ ತಲೆ ಎತ್ತಿ ಮೊದಲು ನೋಡಿದ್ದು ಮಗನ ಬರಿದಲೆಯನ್ನು. ಮೊರ ಕೈಜಾರಿತು. ಅವಳೂ ಏನು ಎತ್ತ ಕೇಳಲಿಲ್ಲ. ಎದೆ ಬಡಿದುಕೊಂಡು, ಆರಡಿ ಎತ್ತರದ ಬೀಗ ಹೋದನಲ್ಲೋ ಎಂದು ಹಾಡಿ ಅಳತೊಡಗಿದಳು. ಓಣಿಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಓಡಿ ಬಂದರು.

ಶೇವಂತೆವ್ವ ನಗು ತಡೆಯಲಾರದೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಅಳಬ್ಯಾಡ್ರಿ ಅತ್ತಿ, ನಮ್ಮಪ್ಪ ಆರಾಮ ಅದಾನ. ತಲಿಲೆ ಬಾಗಲಾ ಬಡ್ಯಾಕತ್ತಾನ, ಅಷ್ಟ."